ಮುಳುಗಿಹೋಗು

ಮುಳುಗಿಹೋಗು ಎಂಬುದು ಕನ್ನಡದ ಒಂದು ಸಂಯುಕ್ತ ಕ್ರಿಯಾಪದ. ನೀರಿನಡಿಗೆ ಸೇರಿ ಕಾಣದಂತಾಗು ಎಂಬುದು ಇದರ ಮೂಲಾರ್ಥ. ಅರ್ಥದಲ್ಲಿ ಇದು ಇಂಗ್ಲಿಷಿನ ‘ಗೋ ಅಂಡರ್’ ಎಂಬ ಪದಗುಚ್ಛಕ್ಕೆ ಸಮೀಪವಾಗಿದೆ. ಶರಾವತಿ ನದಿಯ ಅಣೆಕಟ್ಟುಗಳ ಕಾರಣದಿಂದ, ಶಿವಮೊಗ್ಗ ಜಿಲ್ಲೆಯ ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಈ ಪದಕ್ಕೂ ಇದೇ ಧಾತುವಿನ ಭಾವನಾಮವಾದ ‘ಮುಳುಗಡೆ’ಗೂ ವಿಶೇಷಾರ್ಥ ಒದಗಿದೆ.

ರಚನೆ

‘ಮುಳುಗು’ ಧಾತುವಿನ ಕೃದಂತಾವ್ಯಯವಾದ ‘ಮುಳುಗಿ’ಯೊಡನೆ ‘ಹೋಗು’ ಸೇರಿ ಈ ರೂಪ ಸಿದ್ಧಿಸುತ್ತದೆ. ಇಲ್ಲಿ ‘ಹೋಗು’ ಚಲನೆಯನ್ನಲ್ಲ, ಕ್ರಿಯೆ ಪೂರ್ಣಗೊಂಡುದನ್ನು ಸೂಚಿಸುತ್ತದೆ. ಒಡೆದುಹೋಗು, ಮರೆತುಹೋಗು ಇಂಥವೇ ರೂಪಗಳು. ಇಂಗ್ಲಿಷಿನಲ್ಲಿ ಕ್ರಿಯಾಪದದೊಡನೆ ಅವ್ಯಯ ಸೇರಿದರೆ, ಕನ್ನಡದಲ್ಲಿ ಎರಡು ಕ್ರಿಯಾಪದಗಳು ಕೂಡುತ್ತವೆ.

ಇದು ಅಕರ್ಮಕ ಕ್ರಿಯಾಪದ. ‘ಊರು ಮುಳುಗಿಹೋಯಿತು’ ಎಂಬ ವಾಕ್ಯದಲ್ಲಿ ಮುಳುಗಿಸಿದವರು ಯಾರೆಂಬ ಸೂಚನೆ ಇರುವುದಿಲ್ಲ. ಅದನ್ನು ಹೇಳಲು ಪ್ರೇರಣಾರ್ಥಕ ರೂಪವಾದ ‘ಮುಳುಗಿಸು’ ಬೇಕಾಗುತ್ತದೆ.

ಅರ್ಥಗಳು

- ನೀರಿನಡಿ ಸೇರು: ದೋಣಿ ಮುಳುಗಿಹೋಯಿತು.
- ದಿವಾಳಿಯಾಗು, ನಷ್ಟ ಹೊಂದು: ಸಾಲದಲ್ಲಿ ಮುಳುಗಿಹೋದನು.
- ತಲ್ಲೀನವಾಗು: ಓದಿನಲ್ಲಿ ಮುಳುಗಿಹೋದಳು. ಈ ಅರ್ಥ ‘ಗೋ ಅಂಡರ್’ಗೆ ಇಲ್ಲ.
- ನಿಷೇಧ ರೂಪದಲ್ಲಿ ಸಮಾಧಾನದ ಮಾತು: ಈಗೇನೂ ಮುಳುಗಿಹೋಗಿಲ್ಲ.

ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ ‘ಹೋಗು’ ಸೇರಿಸದೆ ‘ಹೊತ್ತು ಮುಳುಗಿತು’ ಎನ್ನಲಾಗುತ್ತದೆ.

ಶರಾವತಿ ಕಣಿವೆಯಲ್ಲಿ ಬಳಕೆ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಹರಿಯುತ್ತದೆ. ಜೋಗದ ವಿದ್ಯುದಾಗಾರಕ್ಕಾಗಿ ಮೊದಲು ಹಿರೇಭಾಸ್ಕರ ಅಣೆಕಟ್ಟು ನಿರ್ಮಾಣವಾಯಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಇದರ ಹಿನ್ನೀರಿನಲ್ಲಿ ಹಳ್ಳಿಗಳು, ಗದ್ದೆ ತೋಟಗಳಷ್ಟೇ ಅಲ್ಲದೆ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿಹೋಯಿತು. ನೀರು ತೀರ ಇಳಿದಾಗ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಈ ಪ್ರದೇಶದಲ್ಲಿ ‘ಮುಳುಗಡೆ’ ಎಂದರೆ ನೀರು ನಿಲ್ಲುವುದಷ್ಟೇ ಅಲ್ಲ; ಭೂಮಿ, ಮನೆ ತೊರೆದು ಬೇರೆಡೆ ನೆಲೆಸಬೇಕಾದ ಸ್ಥಿತಿಯೂ ಹೌದು. ಹೀಗೆ ನೆಲಕ್ಕೆ ಸಂಬಂಧಿಸಿದ ಪದ ಜನರನ್ನು ಗುರುತಿಸುವ ಪದವಾಯಿತು. ‘ಮುಳುಗಡೆ ಸಂತ್ರಸ್ತರು’ ಎಂಬ ಪ್ರಯೋಗ ಆಡಳಿತದಲ್ಲೂ ಪತ್ರಿಕೆಗಳಲ್ಲೂ ರೂಢಿಯಲ್ಲಿದೆ. ಪುನರ್ವಸತಿ ಭೂಮಿಯ ಹಕ್ಕುಪತ್ರದ ಬೇಡಿಕೆ ಮುಂದಿನ ಪೀಳಿಗೆಗೂ ಮುಂದುವರಿದುದರಿಂದ, ಅಣೆಕಟ್ಟಿನ ನಂತರ ಹುಟ್ಟಿದವರಿಗೂ ಈ ಹೆಸರು ಅನ್ವಯಿಸುತ್ತದೆ.

ಸಾಹಿತ್ಯದಲ್ಲಿ

ಸಾಗರದ ಲೇಖಕ ನಾ. ಡಿಸೋಜ ಅವರು ‘ಮುಳುಗಡೆ’ ಎಂಬ ಹೆಸರಿನ ಕಾದಂಬರಿ ಬರೆದಿದ್ದಾರೆ. ಇದೇ ವಸ್ತುವುಳ್ಳ ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಚಲನಚಿತ್ರವಾಗಿಸಿದರು.