ಹೇಮಾವತಿ ಸೀಮೆಯಲ್ಲಿ ಪ್ರೇಮ ಕಾದಂಬರಿಯ ಓದುಗರು: ಒಂದು ಸಂಶೋಧನಾ ಟಿಪ್ಪಣಿ

ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಬರೆದವರ ದಾಖಲೆ ಹೇರಳವಾಗಿದೆ, ಓದಿದವರ ದಾಖಲೆ ತೀರ ಕಡಿಮೆ. ಪ್ರೇಮ ಕಾದಂಬರಿಯ ವಿಷಯದಲ್ಲಿ ಈ ಕೊರತೆ ಇನ್ನೂ ದೊಡ್ಡದು. ನೂರಾರು ಪುಸ್ತಕಗಳು ಅಚ್ಚಾದವು, ಓದಿ ಓದಿ ಹರಿದವು, ಮರುಮುದ್ರಣಗೊಂಡವು. ಆದರೆ ಅವನ್ನು ಓದಿದವರು ಏನೆಂದರು ಎಂಬುದಕ್ಕೆ ಸಾಹಿತ್ಯ ಚರಿತ್ರೆಗಳಲ್ಲಿ ಒಂದೆರಡು ವಾಕ್ಯಕ್ಕಿಂತ ಹೆಚ್ಚು ಜಾಗ ಸಿಕ್ಕಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳನ್ನು ಕಣ್ಣ ಮುಂದಿಟ್ಟುಕೊಂಡು ಆ ಪ್ರತಿಕ್ರಿಯೆ ಎಂಥದು, ಅದಕ್ಕೆ ಸಾಕ್ಷಿಯನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಈ ಟಿಪ್ಪಣಿ ಚರ್ಚಿಸುತ್ತದೆ.

ಈ ನಾಲ್ಕು ಊರುಗಳನ್ನು ಆರಿಸಿಕೊಳ್ಳಲು ಕಾರಣವಿದೆ. ಕನ್ನಡದಲ್ಲಿ ಕಾದಂಬರಿ ಓದುವ ಚಟವನ್ನು ಮನೆಮನೆಗೆ ಹಬ್ಬಿಸಿದ ಅ.ನ.ಕೃ. ಅವರ ಹೆಸರಿನ ಮೊದಲಕ್ಷರದಲ್ಲೇ ಅರಕಲಗೂಡು ಇದೆ. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಹುಟ್ಟಿದ್ದು 1908ರಲ್ಲಿ, ಕೋಲಾರದಲ್ಲಿ. ಮನೆತನದ ಬೇರು ಮಾತ್ರ ಈ ಸೀಮೆಯದು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ವೈಚಾರಿಕ ಕಾದಂಬರಿಕಾರರೆಂದೇ ಹೆಸರಾದರು. ಆದರೆ ಅವರ ಮೊದಮೊದಲ ಕೃತಿಗಳಾದ ‘ಧರ್ಮಶ್ರೀ’ (1961) ಮತ್ತು ‘ದೂರ ಸರಿದರು’ (1962) ಎರಡರಲ್ಲೂ ಕಥೆಯ ನಡುಗಂಬ ಪ್ರೇಮವೇ. ಎರಡನೆಯದು ಕಾಲೇಜಿನಲ್ಲಿ ಓದುವ, ಯೋಚಿಸುವ ಹುಡುಗ ಹುಡುಗಿಯರ ಕಥೆ. ಇಂದು ಇಂಗ್ಲಿಷಿನಲ್ಲಿ ‘ಯಂಗ್ ಅಡಲ್ಟ್’ ಎಂದು ಕರೆಯುವ ವಯಸ್ಸಿನ ಹೊಸ್ತಿಲಲ್ಲಿ ನಿಂತವರನ್ನು ಕನ್ನಡದಲ್ಲಿ ಗಂಭೀರವಾಗಿ ಕಂಡ ಮೊದಲ ಕೃತಿಗಳಲ್ಲಿ ಅದನ್ನು ಎಣಿಸಬೇಕೆಂದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ದಾರಿಯದು. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೇಲೆ ಅರಸೀಕೆರೆಗೆ ಹೋಗುವ ರೈಲು 1918ರಿಂದ ಇದೆ. ತ್ರಿವೇಣಿಯವರ ಕಾದಂಬರಿಗಳ ಊರು ಮೈಸೂರು. ಅಲ್ಲಿ ಓದಲು ಹೋದವರು ರಜೆಗೆ ಬರುವಾಗ ಪುಸ್ತಕವೂ ಜೊತೆಗೆ ಬರುವುದಕ್ಕೆ ಹೊಳೆನರಸೀಪುರಕ್ಕೂ ಹಾಸನಕ್ಕೂ ನೇರ ದಾರಿಯಿತ್ತು. ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಚನ್ನರಾಯಪಟ್ಟಣಕ್ಕೆ ಬಂದದ್ದು ತೀರ ಈಚೆಗೆ. ಅಲ್ಲಿಗೆ ಪುಸ್ತಕ ಬಸ್ಸಿನಲ್ಲಿ ಬರಬೇಕಿತ್ತು, ಇಲ್ಲವೇ ಪತ್ರಿಕೆಯ ಕಂತಾಗಿ ಬರಬೇಕಿತ್ತು. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1983ರಲ್ಲಿ ‘ತರಂಗ’ ಶುರುವಾದವು. ಪುಸ್ತಕದಂಗಡಿ ಇಲ್ಲದ ಊರಿನಲ್ಲೂ ಪತ್ರಿಕೆ ಮಾರುವ ಪೆಟ್ಟಿಗೆ ಅಂಗಡಿ ಇರುತ್ತಿತ್ತು. ತಾಲ್ಲೂಕು ಕೇಂದ್ರಗಳ ಓದನ್ನು ಅರಿಯುವವರು ಪ್ರಕಾಶಕರ ಪಟ್ಟಿಗಿಂತ ಧಾರಾವಾಹಿಯನ್ನು ಮೊದಲು ನೋಡಬೇಕು.

ಧಾರಾವಾಹಿ ಓದಿದವರು ಬಿಟ್ಟುಹೋದ ವಸ್ತುಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಮನೆಯಲ್ಲೇ ಹೊಲಿದ ಪುಸ್ತಕ. ವಾರವಾರದ ಕಂತನ್ನು ಪತ್ರಿಕೆಯಿಂದ ಬಿಡಿಸಿಟ್ಟುಕೊಂಡು, ಮುಗಿದ ಮೇಲೆ ದಬ್ಬಳದಿಂದ ತೂತು ಮಾಡಿ ದಾರ ಪೋಣಿಸಿ, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ರಟ್ಟಾಗಿ ಅಂಟಿಸುವ ರೂಢಿ ಹಳೆಯ ಮೈಸೂರು ಸೀಮೆಯ ಮಧ್ಯಮ ವರ್ಗದ ಮನೆಗಳಲ್ಲಿ ವ್ಯಾಪಕವಾಗಿತ್ತು. ಇಂಥ ಪುಸ್ತಕವನ್ನು ಯಾವ ಗ್ರಂಥಸೂಚಿಯೂ ಲೆಕ್ಕಕ್ಕೆ ಹಿಡಿದಿಲ್ಲ. ಸಂಶೋಧಕನಿಗೆ ಮಾತ್ರ ಅದು ನೇರ ಸಾಕ್ಷಿ. ಪತ್ರಿಕೆಯಲ್ಲಿ ಒಂದೇ ಕಾಲಕ್ಕೆ ಎರಡು ಮೂರು ಧಾರಾವಾಹಿ ನಡೆಯುತ್ತಿದ್ದರೆ ಯಾವುದನ್ನು ಹೊಲಿದಿಟ್ಟರು, ಯಾವುದನ್ನು ರದ್ದಿಗೆ ಬಿಟ್ಟರು ಎಂಬುದೇ ಒಂದು ವಿಮರ್ಶೆ. ತಪ್ಪಿಹೋದ ಕಂತನ್ನು ಪಕ್ಕದ ಮನೆಯಿಂದ ತಂದು ಕೈಯಲ್ಲಿ ನಕಲು ಮಾಡಿ ಸೇರಿಸಿದ್ದರೆ ಆ ವಿಮರ್ಶೆಯ ತೂಕ ಇನ್ನೂ ಹೆಚ್ಚು. ಮೊದಲ ಹಾಳೆಯ ಮೇಲೆ ಯಾರ ಹೆಸರಿದೆ, ಮದುವೆಗೆ ಮುಂಚಿನ ಹೆಸರೋ ನಂತರದ್ದೋ, ಪುಸ್ತಕ ತವರಿನಲ್ಲಿ ಉಳಿಯಿತೋ ಗಂಡನ ಮನೆಗೆ ಹೋಯಿತೋ, ಕಂತಿನ ಹಿಂಬದಿಯ ಜಾಹೀರಾತು ಯಾವ ವರ್ಷದ್ದು, ಇವೆಲ್ಲವೂ ಓದುವವರಿಗೆ ಕಾಣುವ ಅಕ್ಷರಗಳೇ.

ಗ್ರಂಥಾಲಯದ ಪ್ರತಿಗಳು ಎರಡನೆಯ ಆಕರ. 1965ರ ಗ್ರಂಥಾಲಯ ಕಾಯ್ದೆಯಿಂದ ಸಾರ್ವಜನಿಕ ಗ್ರಂಥಾಲಯಗಳು ಜಿಲ್ಲೆಗೂ ತಾಲ್ಲೂಕಿಗೂ ಬಂದವು. ಅದಕ್ಕೆ ಹೊರತಾಗಿ ದಿನಕ್ಕಿಷ್ಟು ಬಾಡಿಗೆಗೆ ಕಾದಂಬರಿ ಕೊಡುವ ಖಾಸಗಿ ಲೈಬ್ರರಿಗಳು ನಾಡಿನ ಬಹುತೇಕ ಪೇಟೆಗಳಲ್ಲಿದ್ದವು. ಇಂಥ ಪ್ರತಿಗಳ ಕೊನೆಯ ಪುಟ ತೆರೆದವರಿಗೆ ಪೆನ್ಸಿಲ್ಲಿನ ಬರಹ ಹೊಸದಲ್ಲ. ಕಥೆ ಚೆನ್ನಾಗಿದೆ ಎಂದು ಒಬ್ಬರು, ಏನೂ ಇಲ್ಲ ಎಂದು ಕೆಳಗೆ ಇನ್ನೊಬ್ಬರು, ನಾಯಕಿ ಹಾಗೆ ಮಾಡಬಾರದಿತ್ತು ಎಂದು ಮತ್ತೊಬ್ಬರು ಬರೆಯುತ್ತಾರೆ. ಪುಸ್ತಕ ಕೆಡಿಸುವ ಚಾಳಿ ಎಂದು ಇದನ್ನು ಬೈಯುವುದು ಸುಲಭ. ಆದರೆ ಒಬ್ಬರನ್ನೊಬ್ಬರು ಕಾಣದ ಓದುಗರು ಒಂದೇ ಪುಟದಲ್ಲಿ ವಾದ ಮಾಡಿದ ದಾಖಲೆ ಬೇರೆ ಕಡೆ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎರವಲು ಪುಸ್ತಕದಲ್ಲಿರುವ ಹೆಸರನ್ನು ಓದುಗರ ಹೆಸರೆಂದು ನಂಬಿದರೆ ಸಂಶೋಧನೆ ದಾರಿ ತಪ್ಪುತ್ತದೆ. ಹೆಂಗಸರು ತಾವೇ ಲೈಬ್ರರಿಗೆ ಹೋಗುವುದು ಅಪರೂಪವಾಗಿದ್ದ ಕಾಲದಲ್ಲಿ ಸ್ಕೂಲಿಗೆ ಹೋಗುವ ಮಗನೋ ಮೈದುನನೋ ಪುಸ್ತಕ ತರುತ್ತಿದ್ದ. ಕಾರ್ಡು ಗಂಡನ ಹೆಸರಿನಲ್ಲಿರುತ್ತಿತ್ತು. ತಂದ ಪುಸ್ತಕ ವಾಪಸ್ಸಾಗುವ ಮೊದಲು ಅತ್ತಿಗೆ, ನಾದಿನಿ, ಎದುರು ಮನೆಯವರ ಕೈ ದಾಟುತ್ತಿತ್ತು. ಅಕ್ಷರ ಬಾರದವರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. 2011ರ ಜನಗಣತಿಯಲ್ಲೂ ಹಾಸನ ಜಿಲ್ಲೆಯ ಸಾಕ್ಷರತೆ ಶೇ. 76ರಷ್ಟಿತ್ತು, 1960ರ ದಶಕದಲ್ಲಿ ಕೇಳುಗರ ಪಾಲು ಎಷ್ಟು ದೊಡ್ಡದಿದ್ದೀತು ಎಂದು ಊಹಿಸಬಹುದು. ಮುದ್ರಣದ ಪ್ರತಿಗಳ ಲೆಕ್ಕದಿಂದ ಓದುಗರ ಲೆಕ್ಕ ಹಾಕುವವರು ಈ ಕಿವಿಗಳನ್ನೂ ಎಣಿಸಬೇಕು. ಹಾಗೆಯೇ ಪ್ರೇಮ ಕಾದಂಬರಿ ಓದುವವರು ಹೆಂಗಸರು ಮಾತ್ರ ಎಂಬ ನಂಬಿಕೆಯನ್ನೂ ಬಿಡಬೇಕು. ಅ.ನ.ಕೃ. ಅವರನ್ನು ಓದಿ ಬೆಳೆದ ಗಂಡಸರ ಆತ್ಮಕಥನಗಳು ಕನ್ನಡದಲ್ಲಿ ಬೇಕಾದಷ್ಟಿವೆ.

ಪತ್ರಿಕೆಗಳ ಓದುಗರ ಪತ್ರಗಳು ಮೂರನೆಯ ಆಕರ. ಅವು ಸಂಪಾದಕರು ಆರಿಸಿದವು ಎಂಬುದನ್ನು ಮರೆಯದೆ ಬಳಸಬೇಕು, ಅಷ್ಟೆ.

ಈಗ ಪ್ರತಿಕ್ರಿಯೆಯ ಸ್ವರೂಪ. ದೊಡ್ಡ ಸದ್ದು ಎದ್ದದ್ದು ಅ.ನ.ಕೃ. ಅವರ ವಿಷಯದಲ್ಲಿ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ವೇಶ್ಯಾ ಸಮಸ್ಯೆಯನ್ನು ನೇರವಾಗಿ ಎತ್ತಿಕೊಂಡಾಗ ಅಶ್ಲೀಲವೆಂಬ ಆಪಾದನೆ ಬಂತು. ಅವರು ಸುಮ್ಮನಿರಲಿಲ್ಲ, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಓದುಗರ, ವಿಮರ್ಶಕರ ಆಕ್ಷೇಪಕ್ಕೆ ಲೇಖಕ ಇಡೀ ಗ್ರಂಥದ ಮೂಲಕ ಉತ್ತರಿಸಿದ ಉದಾಹರಣೆ ಕನ್ನಡದಲ್ಲಿ ವಿರಳ. ಆ ಜಗಳದ ನಂತರವೂ ಅವರ ಓದುಗರು ಕಡಿಮೆಯಾಗಲಿಲ್ಲ. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ಸದ್ದಿಲ್ಲದ ಪ್ರತಿಕ್ರಿಯೆ ಹೆಚ್ಚು ಆಳದ್ದು. ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನೇ ತೆಗೆದುಕೊಳ್ಳೋಣ. ಕಾಫಿ ತೋಟದ ಒಬ್ಬಳೇ ಮಗಳು ಇಂದಿರಾ, ಮದುವೆ ನಿಶ್ಚಯವಾಗಿದೆ. ಅವಳಿಗೆ ತಮ್ಮ ಹುಟ್ಟಿದಾಗ ಆಸ್ತಿ ಕೈತಪ್ಪಿತೆಂದು ವರ ಮೋಹನ ಹಿಂದೆಗೆಯುತ್ತಾನೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಶುಶ್ರೂಷೆ ಮಾಡುವವಳು ಅವಳೇ. ಅವನು ಪಶ್ಚಾತ್ತಾಪಪಟ್ಟು ಕೈ ಕೇಳುತ್ತಾನೆ, ಅವಳು ಒಲ್ಲೆನೆನ್ನುತ್ತಾಳೆ. ಸಕಲೇಶಪುರ, ಬೇಲೂರು, ಆಲೂರುಗಳ ತೋಟಗಳನ್ನು ಬಲ್ಲ ಹಾಸನದ ಓದುಗರಿಗೆ ಈ ಆಸ್ತಿಯ ಲೆಕ್ಕಾಚಾರ ಕಲ್ಪನೆಯ ಮಾತಲ್ಲ. ಈ ಕಥೆಗೆ ಓದುಗರು ಕೇಳುವ ಪ್ರಶ್ನೆ ಒಂದೇ: ಅವಳು ಒಪ್ಪಬೇಕಿತ್ತೇ? ಭೈರಪ್ಪನವರ ‘ವಂಶವೃಕ್ಷ’ಕ್ಕೆ (1965) ಬಂದ ಪ್ರಶ್ನೆಯೂ ಇದೇ ಜಾತಿಯದು. ವಿಧವೆ ಕಾತ್ಯಾಯನಿ ಪ್ರೀತಿಸಿ ಮರುಮದುವೆಯಾಗುತ್ತಾಳೆ, ಗರ್ಭ ನಿಲ್ಲದೆ ಸೊರಗುತ್ತಾಳೆ, ಸಾಯುತ್ತಾಳೆ. ಅವಳಿಗೇಕೆ ಈ ಶಿಕ್ಷೆ ಎಂದು ಸ್ತ್ರೀವಾದಿ ವಿಮರ್ಶೆ ಕೇಳುವುದಕ್ಕೂ, ಪಾಪ, ಅವಳು ಏನು ತಪ್ಪು ಮಾಡಿದ್ದಳು ಎಂದು ಜಗಲಿಯ ಮೇಲೆ ಕುಳಿತವರು ಕೇಳುವುದಕ್ಕೂ ಭಾಷೆಯಲ್ಲಿ ವ್ಯತ್ಯಾಸವಿದೆಯೇ ಹೊರತು ಪ್ರಶ್ನೆಯಲ್ಲಿ ಇಲ್ಲ.

ನನ್ನ ವಾದ ಇಲ್ಲಿದೆ. ಪ್ರೇಮ ಕಾದಂಬರಿಯ ಓದುಗರು ಪಾತ್ರಗಳನ್ನು ನೆರೆಮನೆಯವರಂತೆ ಕಂಡು ಮಾತಾಡುತ್ತಾರೆ ಎಂಬುದನ್ನು ವಿಮರ್ಶಕರು ಓದುಗರ ದೌರ್ಬಲ್ಯವೆಂದು ಬಗೆದರು. ಹೆಂಗಸರ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ವೆಂದು ತಳ್ಳಿದ ಕೈಯೇ ಅದರ ಓದುಗರನ್ನೂ ತಳ್ಳಿತು. ಆದರೆ ಇಂದಿರಾ ಒಪ್ಪಬೇಕಿತ್ತೇ ಎಂದು ವಾದಿಸುವವರು ವರದಕ್ಷಿಣೆ, ಆಸ್ತಿ, ಮರ್ಯಾದೆ, ಕ್ಷಮೆಗಳ ಬಗ್ಗೆ ತೀರ್ಪು ಕೊಡುತ್ತಿದ್ದಾರೆ. ಸ್ವಂತ ಮನೆಯ ಮಗಳ ವಿಷಯವಾಗಿ ಆಡಲಾಗದ ಮಾತನ್ನು ಇಂದಿರೆಯ ನೆಪದಲ್ಲಿ ಆಡುತ್ತಿದ್ದಾರೆ. ತ್ರಿವೇಣಿಯವರದೇ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ಗುಣವಾಗಿ ಬಂದ ಮೇಲೂ ಹುಚ್ಚಿಯೆಂಬ ಹೆಸರನ್ನು ಹೊರುತ್ತಾಳೆ. ಬಾಣಂತಿಯ ಮನೋರೋಗದ ಬಗ್ಗೆ ಬಾಯಿ ಬಿಡದ ಮನೆಗಳಲ್ಲಿ ಕಾವೇರಿಯ ಹೆಸರು ಹಿಡಿದು ಮಾತು ಹೊರಟಿತು. 1971ರ ಪುಟ್ಟಣ್ಣ ಕಣಗಾಲರ ಸಿನಿಮಾ ಅದನ್ನು ಇನ್ನಷ್ಟು ಹರಡಿತು. ಇದನ್ನು ಪಲಾಯನವೆಂದು ಕರೆಯುವುದು ತಪ್ಪು.

ಅಮೆರಿಕದ ಜಾನಿಸ್ ರಾಡ್‌ವೇ 1984ರ ‘ರೀಡಿಂಗ್ ದ ರೊಮ್ಯಾನ್ಸ್’ ಕೃತಿಯಲ್ಲಿ ಅಲ್ಲಿನ ಒಂದು ಊರಿನ ಪ್ರೇಮ ಕಾದಂಬರಿ ಓದುಗರನ್ನು ಮಾತಾಡಿಸಿದರು. ಮನೆಗೆಲಸದ ನಡುವೆ ತಮಗೆಂದು ಗಿಟ್ಟಿಸಿಕೊಂಡ ಹೊತ್ತು ಎಂದು ಆ ಹೆಂಗಸರು ಓದನ್ನು ಬಣ್ಣಿಸಿದ್ದರು. ರಾಧಿಕಾ ಪರಮೇಶ್ವರನ್ ಹೈದರಾಬಾದಿನ ಕಾಲೇಜು ಹುಡುಗಿಯರು ಮಿಲ್ಸ್ ಅಂಡ್ ಬೂನ್ ಓದುವುದನ್ನು ಅಧ್ಯಯನ ಮಾಡಿದರು. ಇಂಗ್ಲಿಷ್ ಪ್ರೇಮ ಕಾದಂಬರಿಗೆ ಭಾಷೆ ಸುಧಾರಿಸುತ್ತದೆ ಎಂಬ ಸಮಜಾಯಿಷಿ ಇತ್ತು. ಅರಕಲಗೂಡಿನಲ್ಲಿ ಸಾಯಿಸುತೆ, ಎಚ್.ಜಿ. ರಾಧಾದೇವಿ, ಉಷಾ ನವರತ್ನರಾಂ ಅವರನ್ನು ಓದುವ ಹುಡುಗಿಗೆ ಆ ಆಸರೆಯೂ ಇರಲಿಲ್ಲ. ಕಾದಂಬರಿ ಓದಿ ತಲೆ ಕೆಟ್ಟಿತು ಎಂಬ ಮಾತು ಕೇಳಿಕೊಂಡೇ ಓದಬೇಕಿತ್ತು. ಆದರೂ ಓದಿದಳು, ಚಿತ್ರರಂಗ ಆ ಓದನ್ನೇ ನಂಬಿ ‘ಹೊಂಬಿಸಿಲು’ (1978), ‘ಬಂಧನ’ (1984), ‘ಅನುರಾಗ ಅರಳಿತು’ (1986) ತೆಗೆಯಿತು.

ಇಂದಿನ ಹುಡುಗಿಯರ ವಿಷಯಕ್ಕೆ ಬಂದರೆ, ಬಾಲಸಾಹಿತ್ಯ ಮುಗಿಸಿದ ಹದಿನೈದರ ಓದುಗರಿಗೆ ಕನ್ನಡದಲ್ಲಿ ತಮ್ಮದೆನ್ನುವ ಕಪಾಟು ಇನ್ನೂ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಮಕ್ಕಳ ಪುಸ್ತಕಕ್ಕೆ. ಯುವ ಪುರಸ್ಕಾರ 35ರೊಳಗಿನ ಲೇಖಕರಿಗೆ. ನಡುವಿನ ಓದುಗರಿಗಾಗಿ ಬರೆದ ಪುಸ್ತಕಕ್ಕೆ ಯಾವುದೂ ಇಲ್ಲ. ಆದ್ದರಿಂದ ಅವರು ಮೊಬೈಲಿನಲ್ಲಿ ಪ್ರತಿಲಿಪಿ ಆ್ಯಪ್‌ನ ಧಾರಾವಾಹಿಗೆ ಹೋಗುತ್ತಾರೆ, ಇಲ್ಲವೇ ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ (2016) ಹಿಡಿಯುತ್ತಾರೆ. ಹೊಡೆಯುವ ಗಂಡನನ್ನು ಪ್ರೀತಿ ಇದ್ದೂ ಬಿಟ್ಟುಬರುವ ಆ ಕಾದಂಬರಿಯ ಲಿಲಿಗೂ ಮೋಹನನನ್ನು ಒಲ್ಲೆನೆಂದ ಇಂದಿರೆಗೂ ನೇರ ನೆಂಟಸ್ತಿಕೆಯಿದೆ. ಈ ಇಬ್ಬರನ್ನೂ ಒಂದೇ ಮೇಜಿನ ಮೇಲಿಟ್ಟು ಓದಿಸುವ ಕೆಲಸ ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ಆಗಬೇಕು.

ಬೇಲೂರು ತಾಲ್ಲೂಕಿನ ದಬ್ಬೆಯ ವಿಜಯಾ ದಬ್ಬೆ ಕನ್ನಡದ ಲೇಖಕಿಯರ ಬರಹವನ್ನು ಹೆಂಗಸರ ಕಣ್ಣಿನಿಂದ ಓದುವ ದಾರಿ ಹಾಕಿಕೊಟ್ಟರು. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಜಿಲ್ಲೆಯ ಬರವಣಿಗೆ ಲೋಕದ ಕಣ್ಣಿಗೆ ಬಿತ್ತು. ಜಿಲ್ಲೆಯ ಓದು ಮಾತ್ರ ಇನ್ನೂ ಅಟ್ಟದ ಮೇಲೆ, ಟ್ರಂಕಿನೊಳಗೆ ಇದೆ. ಗ್ರಂಥಾಲಯಗಳು ಹಳೆಯ ಪ್ರತಿಗಳನ್ನು ರದ್ದಿಗೆ ಹಾಕುತ್ತಿರುತ್ತವೆ, ಮನೆಗಳನ್ನು ಕೆಡವಿ ಕಟ್ಟುತ್ತಿದ್ದಾರೆ, 1960ರ ದಶಕದಲ್ಲಿ ಓದಿದ ಎಷ್ಟೋ ಮಂದಿಗೆ ಈಗ ಎಂಬತ್ತು ದಾಟಿದೆ.

ಆದ್ದರಿಂದ ಈ ನಾಲ್ಕು ತಾಲ್ಲೂಕಿನವರಲ್ಲಿ ಒಂದು ವಿನಂತಿ. ಮನೆಯಲ್ಲಿ ಹೊಲಿದಿಟ್ಟ ಧಾರಾವಾಹಿ ಇದ್ದರೆ ಮಾರಬೇಡಿ. ಮೊದಲ ಪುಟದ ಹೆಸರು, ಕೊನೆಯ ಪುಟದ ಬರಹಗಳ ಫೋಟೋ ತೆಗೆದಿಡಿ. ಅಜ್ಜಿಯೋ ದೊಡ್ಡಮ್ಮನೋ ಓದಿದ್ದನ್ನು ನೆನೆದು ಹೇಳುವುದಾದರೆ ಧ್ವನಿಮುದ್ರಿಸಿಕೊಳ್ಳಿ. ಜಿಲ್ಲಾ ಕೇಂದ್ರ ಗ್ರಂಥಾಲಯದವರು ರದ್ದಿಗೆ ಹಾಕುವ ಮುನ್ನ ಪೆನ್ಸಿಲ್ ಗುರುತಿರುವ ಕಾದಂಬರಿಗಳನ್ನು ಒಂದು ಬೀರುವಿನಲ್ಲಿ ಬೇರೆಯಾಗಿ ಇಡಲಿ.