ಕಾರಿನಲ್ಲೇ ಬರುವ ನ್ಯಾವಿಗೇಷನ್ ಮೊಬೈಲ್‌ಗಿಂತ ನಿಖರವೇ?

“ಕಾರಿನಲ್ಲಿ ಕಂಪನಿಯವರೇ ಕೂರಿಸಿರುವ ಜಿಪಿಎಸ್ ನೇರವಾಗಿ ಸ್ಯಾಟಲೈಟ್‌ಗೆ ಕನೆಕ್ಟ್ ಆಗುತ್ತೆ, ಮೊಬೈಲ್‌ನದ್ದು ಬರೀ ಟವರ್ ಮೇಲೆ ನಡೆಯುತ್ತೆ.” ಕಾರು ಕೊಳ್ಳುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಅರ್ಥದ ಮಾತು ಬೇರೆ ಬೇರೆ ರೂಪದಲ್ಲಿ ಓಡಾಡುತ್ತಲೇ ಇರುತ್ತದೆ. ಇದನ್ನು ನಂಬಿ ನ್ಯಾವಿಗೇಷನ್‌ಗಾಗಿಯೇ ಟಾಪ್ ವೇರಿಯಂಟ್‌ಗೆ ಹೆಚ್ಚು ಹಣ ಕೊಡುವವರಿದ್ದಾರೆ. ಅಷ್ಟು ಖರ್ಚು ಬೇಡವೆಂದು ಗಾಜಿಗೆ ಅಂಟಿಸುವ ಹಳೆಯ ಪೋರ್ಟಬಲ್ ಜಿಪಿಎಸ್ ಹುಡುಕುವವರೂ ಇದ್ದಾರೆ.

ಚಿಕ್ಕದಾಗಿ ಹೇಳುವುದಾದರೆ, ಸ್ಯಾಟಲೈಟ್ ವಿಷಯದಲ್ಲಿ ಕಾರು, ಪೋರ್ಟಬಲ್ ಸಾಧನ, ಮೊಬೈಲ್ ಮೂರೂ ಒಂದೇ ಕೆಲಸ ಮಾಡುತ್ತವೆ. ದೊಡ್ಡ ವ್ಯತ್ಯಾಸ ಇರುವುದು ಒಳಗಿನ ನಕ್ಷೆಯಲ್ಲಿ, ಅದನ್ನು ಯಾರು, ಎಷ್ಟು ದಿನಕ್ಕೊಮ್ಮೆ ಸರಿಪಡಿಸುತ್ತಾರೆ ಎಂಬುದರಲ್ಲಿ. ಇದು ಅರ್ಥವಾಗಲು ಮೈಸೂರಿನ ರಾಜೀವನಗರದಿಂದ ಹೊರಡುವ ಒಂದು ಕಾರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ದಿನ ಅದು ಬೆಂಗಳೂರಿಗೆ ಹೋಗಬೇಕು, ಇನ್ನೊಂದು ದಿನ ಬಂಡೀಪುರ ದಾಟಿ ಊಟಿಗೆ.

ಟವರ್ ಇಲ್ಲದಿದ್ದರೆ ಜಿಪಿಎಸ್ ಇಲ್ಲವೇ?

ಜಿಪಿಎಸ್ ಎನ್ನುವುದು ಅಮೆರಿಕದ ಉಪಗ್ರಹ ವ್ಯವಸ್ಥೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ಎರಡೇ ಸಂಗತಿಗಳನ್ನು ಬಿಡದೆ ಸಾರುತ್ತಿರುತ್ತವೆ: ಈಗ ಸಮಯ ಎಷ್ಟು, ನಾನು ಎಲ್ಲಿದ್ದೇನೆ. ಸಂಕೇತ ಬಂದು ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂದು ನಿಮ್ಮ ಸಾಧನ ಲೆಕ್ಕ ಹಾಕುತ್ತದೆ. ಹಾಗೆ ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಸಿಕ್ಕರೆ ತಾನಿರುವ ಜಾಗ ಅದಕ್ಕೆ ತಿಳಿಯುತ್ತದೆ. ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಹೆಚ್ಚುಕಡಿಮೆಯಾದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಅದಕ್ಕೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಇಟ್ಟಿರುತ್ತಾರೆ.

ಇಲ್ಲಿ ಗಮನಿಸಬೇಕಾದ್ದು, ನಿಮ್ಮ ಸಾಧನ ಕೇಳಿಸಿಕೊಳ್ಳುತ್ತದೆ ಅಷ್ಟೇ. ಅದು ರೇಡಿಯೋ ಇದ್ದ ಹಾಗೆ. ಆಕಾಶವಾಣಿಗೆ ಯಾರು ಎಲ್ಲಿ ಕುಳಿತು ಕೇಳುತ್ತಿದ್ದಾರೆ ಎಂದು ಗೊತ್ತಾಗದ ಹಾಗೆಯೇ ಉಪಗ್ರಹಕ್ಕೂ ನಿಮ್ಮ ಇರವು ಗೊತ್ತಾಗುವುದಿಲ್ಲ. “ಲೊಕೇಶನ್ ಆನ್ ಮಾಡಿದರೆ ಸ್ಯಾಟಲೈಟ್ ನಿಮ್ಮನ್ನು ನೋಡುತ್ತಿರುತ್ತದೆ” ಎಂಬ ಫಾರ್ವರ್ಡ್ ತಪ್ಪುವುದು ಇಲ್ಲೇ. ನೀವು ಎಲ್ಲಿದ್ದೀರಿ ಎಂದು ತಿಳಿಯುವುದು ನಿಮ್ಮ ಫೋನಿನ ಆ್ಯಪ್‌ಗೆ. ಅದನ್ನು ಇಂಟರ್ನೆಟ್ ಮೂಲಕ ಬೇರೆಯವರಿಗೆ ಕಳಿಸುವುದೂ ಆ್ಯಪ್ಪೇ. ಹೆದರುವುದಿದ್ದರೆ ಅದಕ್ಕೆ ಹೆದರಬೇಕು.

ಹಾಗಾದರೆ ಟವರ್ ಕೆಲಸವೇನು? ಉಪಗ್ರಹದ ಮಾಹಿತಿ ಸೆಕೆಂಡಿಗೆ 50 ಬಿಟ್‌ಗಳಷ್ಟೇ ನಿಧಾನವಾಗಿ ಬರುತ್ತದೆ. ಒಂದು ಉಪಗ್ರಹ ಎಲ್ಲಿದೆ ಎಂಬ ವಿವರ ಪೂರ್ತಿ ಕೇಳಿಸಿಕೊಳ್ಳಲು ಸುಮಾರು ಅರ್ಧ ನಿಮಿಷ ಬೇಕು. ಮೊಬೈಲ್ ಆ ವಿವರವನ್ನು ಇಂಟರ್ನೆಟ್‌ನಿಂದ ಮೊದಲೇ ತಂದುಕೊಂಡು ಬೇಗ ಶುರು ಮಾಡುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ತಡವಾಗುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ. ಬೇಕಿದ್ದರೆ ಮನೆಯ ತಾರಸಿಗೆ ಹೋಗಿ ಫ್ಲೈಟ್ ಮೋಡ್ ಹಾಕಿ, ಲೊಕೇಶನ್ ಮಾತ್ರ ಆನ್ ಇಟ್ಟುಕೊಂಡು ನಡೆದು ನೋಡಿ. ಹೆಚ್ಚಿನ ಫೋನ್‌ಗಳಲ್ಲಿ ನೀಲಿ ಚುಕ್ಕೆ ನಿಮ್ಮ ಜೊತೆಗೇ ನಡೆಯುತ್ತದೆ. ಸುತ್ತಲಿನ ನಕ್ಷೆ ಮಾತ್ರ ಖಾಲಿ ಕಾಣಬಹುದು, ಏಕೆಂದರೆ ಇಂಟರ್ನೆಟ್ ಬೇಕಾಗಿದ್ದು ನಕ್ಷೆಗೆ.

ಇನ್ನು ನಿಖರತೆ. ತೆರೆದ ಆಕಾಶದಡಿ ಸಾಮಾನ್ಯ ಸ್ಮಾರ್ಟ್‌ಫೋನ್ ಸುಮಾರು 4.9 ಮೀಟರ್ ಒಳಗೆ ಜಾಗ ಹೇಳುತ್ತದೆ ಎನ್ನುತ್ತದೆ ಅಮೆರಿಕ ಸರ್ಕಾರದ ಜಿಪಿಎಸ್ ಜಾಲತಾಣ. ಕಾರಿನೊಳಗಿನ ವ್ಯವಸ್ಥೆಗೆ ಒಂದು ಅನುಕೂಲ ನಿಜಕ್ಕೂ ಇದೆ, ಅದನ್ನು ಅಲ್ಲಗಳೆಯಬಾರದು. ಅದರ ಆಂಟೆನಾ ಸಾಮಾನ್ಯವಾಗಿ ಕಾರಿನ ಮೇಲ್ಭಾಗದಲ್ಲಿರುತ್ತದೆ. ಚಕ್ರ ಎಷ್ಟು ತಿರುಗಿತು, ಕಾರು ಯಾವ ಕಡೆ ಹೊರಳಿತು ಎಂಬುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲದು. ಸುರಂಗದಲ್ಲಿ, ಮಾಲ್‌ನ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ಉಪಗ್ರಹ ಕೈಕೊಟ್ಟಾಗಲೂ ಸ್ವಲ್ಪ ದೂರ ಅಂದಾಜಿನಲ್ಲಿ ದಾರಿ ಹಿಡಿದು ಹೋಗುತ್ತದೆ. ಆದರೆ ನಮ್ಮ ರಾಜೀವನಗರದ ಕಾರು ಬೆಂಗಳೂರು ತಲುಪುವವರೆಗೆ ಒಂದೂ ಸುರಂಗ ಸಿಗುವುದಿಲ್ಲ.

ಐದು ಮೀಟರ್ ತಪ್ಪಿನಿಂದ ನಿಜವಾಗಿ ತೊಂದರೆಯಾಗುವುದು ರಸ್ತೆಗಳು ಪಕ್ಕಪಕ್ಕದಲ್ಲಿದ್ದಾಗ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಮುಖ್ಯ ರಸ್ತೆಗೆ ಅಂಟಿಕೊಂಡೇ ಸರ್ವಿಸ್ ರಸ್ತೆ ಇದೆ. ನೀವು ಯಾವುದರಲ್ಲಿದ್ದೀರಿ ಎಂದು ನ್ಯಾವಿಗೇಷನ್‌ಗೆ ಗೊಂದಲವಾಗಿ ಇಲ್ಲದ ಕಡೆ “ಎಡಕ್ಕೆ ತಿರುಗಿ” ಎನ್ನುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಲ್ಲೂ ಇದೇ ಕಥೆ, ಮೇಲಿದ್ದೀರೋ ಕೆಳಗಿದ್ದೀರೋ ಅದಕ್ಕೆ ಸುಲಭವಾಗಿ ಹೊಳೆಯುವುದಿಲ್ಲ. ಇಂಥ ಜಾಗದಲ್ಲಿ ಕಂಪನಿ ಕೂರಿಸಿದ್ದು, ಗಾಜಿಗೆ ಅಂಟಿಸಿದ್ದು, ಮೊಬೈಲ್ ಯಾವುದೂ ಎಡವಬಹುದು. ರಸ್ತೆ ಬದಿಯ ಹಸಿರು ಬೋರ್ಡ್ ನೋಡುವುದೇ ಒಳ್ಳೆಯದು.

“ಗೂಗಲ್ ಮ್ಯಾಪ್ಸ್ ಬಿಡಿ, ಇಸ್ರೋದ ನಾವಿಕ್ ಡೌನ್‌ಲೋಡ್ ಮಾಡಿ” ಎಂಬ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ನಾವಿಕ್ ನಕ್ಷೆಯಲ್ಲ, ಆ್ಯಪ್ ಕೂಡ ಅಲ್ಲ. ಅದು ಜಿಪಿಎಸ್‌ನಂತೆ ಉಪಗ್ರಹಗಳ ವ್ಯವಸ್ಥೆ. ಭಾರತ ಮತ್ತು ಸುತ್ತಲಿನ ಸುಮಾರು 1,500 ಕಿಲೋಮೀಟರ್‌ಗಾಗಿ ರೂಪಿಸಿದ್ದು. ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ನಿಮ್ಮ ಫೋನಿನ ಚಿಪ್‌ಗೆ ಅದನ್ನು ಕೇಳಿಸಿಕೊಳ್ಳುವ ಶಕ್ತಿಯಿದ್ದರೆ ನೀವು ಏನೂ ಡೌನ್‌ಲೋಡ್ ಮಾಡಬೇಕಿಲ್ಲ, ಜಿಪಿಎಸ್ ಜೊತೆಗೆ ಅದೂ ಬಳಕೆಯಾಗುತ್ತದೆ.

ಕಬ್ಬಿನ ಗದ್ದೆಯಲ್ಲಿ ಓಡುವ ಕಾರು

ಈಗ ಮುಖ್ಯ ವಿಷಯಕ್ಕೆ ಬರೋಣ. ಸುಮಾರು 119 ಕಿಲೋಮೀಟರ್‌ನ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಶ್ರೀರಂಗಪಟ್ಟಣ, ಮಂಡ್ಯ, ರಾಮನಗರ–ಚನ್ನಪಟ್ಟಣ, ಬಿಡದಿ ಎಲ್ಲವನ್ನೂ ಬೈಪಾಸ್‌ನಲ್ಲಿ ಬಳಸಿಕೊಂಡು ಹೋಗುವ ರಸ್ತೆ ಅದು. 2018ರಲ್ಲಿ ಕೊಂಡ ಕಾರಿನ ಒಳಗಿನ ನಕ್ಷೆಯನ್ನು ಆಮೇಲೆ ಅಪ್‌ಡೇಟ್ ಮಾಡಿಸದೇ ಇದ್ದರೆ, ಮಂಡ್ಯ ಬೈಪಾಸ್ ಬಂದಾಗ ಪರದೆಯ ಮೇಲಿನ ಪುಟ್ಟ ಕಾರು ರಸ್ತೆ ಬಿಟ್ಟು ಕಬ್ಬಿನ ಗದ್ದೆಯಲ್ಲಿ ಓಡುತ್ತದೆ. ಹಿಂದಿರುಗಿ ಎಂದು ಅದು ಹತ್ತು ಸಲ ಹೇಳಿದರೂ ಆಶ್ಚರ್ಯವಿಲ್ಲ. ತಮಾಷೆ ಏನೆಂದರೆ ಆ ಕ್ಷಣದಲ್ಲೂ ಅದರ ಜಿಪಿಎಸ್ ನಿಖರವಾಗಿಯೇ ಇರುತ್ತದೆ. ನೀವಿರುವ ಜಾಗ ಸರಿಯಾಗಿ ತಿಳಿದಿದೆ, ಅಲ್ಲಿ ರಸ್ತೆ ಬಂದಿರುವುದು ತಿಳಿದಿಲ್ಲ.

ಕಾರಿನ ನಕ್ಷೆ ಅಪ್‌ಡೇಟ್ ಆಗುವ ಬಗೆ ಕಂಪನಿಗೊಂದು ಥರ. ಕೆಲವದ್ದು ಇಂಟರ್ನೆಟ್‌ನಲ್ಲಿ ತಾನಾಗಿ ಬರುತ್ತದೆ, ಕೆಲವಕ್ಕೆ ಪೆನ್ ಡ್ರೈವ್ ಹಾಕಬೇಕು, ಕೆಲವಕ್ಕೆ ಸರ್ವಿಸ್ ಸೆಂಟರ್‌ಗೇ ಹೋಗಬೇಕು. ಮೊದಲ ಕೆಲವು ವರ್ಷ ಉಚಿತ, ಆಮೇಲೆ ದುಡ್ಡು ಎಂಬ ಷರತ್ತೂ ಇರುತ್ತದೆ. ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುವ ನಮ್ಮ ಜನರಿಗೆ, ಮೂರು ವರ್ಷಕ್ಕೆ ಹಳತಾಗುವ ನಕ್ಷೆಗೆ ಮುಂಗಡವಾಗಿ ಹಣ ಕೊಡುವುದು ಲಾಭದ ವ್ಯವಹಾರ ಎಂದು ನಮಗೆ ಅನಿಸುವುದಿಲ್ಲ. ಮೊಬೈಲ್ ನಕ್ಷೆ ಗೆಲ್ಲುವುದು ಇಲ್ಲಿ.

ಹಾಗೆಂದು ಮೊಬೈಲ್ ನಕ್ಷೆಯನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ರಾಮಗಂಗಾ ನದಿಯ ತುಂಡಾದ ಸೇತುವೆಯಿಂದ ಕಾರು ಕೆಳಗೆ ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಹಿಂದಿನ ಪ್ರವಾಹದಲ್ಲೇ ಕೊಚ್ಚಿಹೋಗಿತ್ತು. ಅವರು ನ್ಯಾವಿಗೇಷನ್ ನೋಡಿಕೊಂಡು ಬಂದಿದ್ದರು, ರಸ್ತೆಗೆ ಸರಿಯಾದ ತಡೆ ಇರಲಿಲ್ಲ ಎಂದು ವರದಿಗಳು ಹೇಳಿದವು. ಗೊತ್ತಿಲ್ಲದ ಊರಿನ ರಾತ್ರಿ ರಸ್ತೆಯಲ್ಲಿ ಎದುರಿಗೆ ವಾಹನವೇ ಬರುತ್ತಿಲ್ಲ ಅನಿಸಿದರೆ, ಪರದೆ ಏನೇ ಹೇಳಲಿ, ನಿಲ್ಲಿಸಿ ಯಾರನ್ನಾದರೂ ಕೇಳಿ.

ನಕ್ಷೆಗೆ ರಸ್ತೆ ಗೊತ್ತಿದ್ದರೂ ರಸ್ತೆಯ ನಿಯಮ ಗೊತ್ತಿರಬೇಕೆಂದಿಲ್ಲ. ನಮ್ಮ ಎರಡನೇ ಪ್ರಯಾಣವನ್ನು ನೋಡಿ. ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರ ಸೇರುವ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಬಂದ್. ಊಟಿ ಕಡೆಯದ್ದೂ ಅಷ್ಟೇ, ವಯನಾಡಿನ ಕಡೆಯದ್ದೂ ಅಷ್ಟೇ. ಹಳೆಯ ನಕ್ಷೆಯ ಸಾಧನ “ಎರಡೂವರೆ ಗಂಟೆ” ಎಂದು ಲೆಕ್ಕ ಕೊಟ್ಟು ರಾತ್ರಿ ಎಂಟೂವರೆಗೆ ನಿಮ್ಮನ್ನು ಹೊರಡಿಸಿಬಿಡಬಹುದು. ಗೇಟ್‌ನಲ್ಲಿ ಬೆಳಗಿನವರೆಗೆ ಕೂರುವವರು ನೀವು. ವಯನಾಡಿಗೆ ರಾತ್ರಿ ಹೋಗಲೇಬೇಕಿದ್ದರೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಬಳಸಿ ಹೋಗುವುದು ಮೈಸೂರಿನವರಿಗೆ ಗೊತ್ತಿರುವ ದಾರಿ. ಬೈಕ್, ಆಟೋದವರಿಗೂ ಒಂದು ಮಾತು: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ನಿಮಗೆ ಪ್ರವೇಶವಿಲ್ಲ. ಮ್ಯಾಪ್‌ನಲ್ಲಿ ಕಾರಿನ ಚಿಹ್ನೆ ಒತ್ತಿದರೆ ಅದು ನಿಮ್ಮನ್ನು ಅಲ್ಲಿಗೇ ಕಳಿಸುತ್ತದೆ.

ಕಾಡಿನಲ್ಲಿ ನೆಟ್‌ವರ್ಕ್ ಹೋಗುತ್ತದಲ್ಲ ಎಂದು ಕೇಳಬಹುದು. ಹೋಗುತ್ತದೆ. ನಕ್ಷೆ ಮೊದಲೇ ಒಳಗಿರುವುದರಿಂದ ಕಾರಿನ ನ್ಯಾವಿಗೇಷನ್ ಅಲ್ಲಿ ಸಲೀಸಾಗಿ ನಡೆಯುತ್ತದೆ. ಆ ಫಾರ್ವರ್ಡ್‌ನಲ್ಲಿ ಸ್ವಲ್ಪ ಸತ್ಯ ಇರುವುದು ಇಷ್ಟಕ್ಕೇ. ಆದರೆ ಮನೆಯ ವೈಫೈನಲ್ಲಿ ಆ ಭಾಗದ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಮೊಬೈಲ್ ಕೂಡ ಅದೇ ಕೆಲಸ ಮಾಡುತ್ತದೆ. ಟ್ರಾಫಿಕ್ ಮಾಹಿತಿ ಮಾತ್ರ ಸಿಗುವುದಿಲ್ಲ.

ಇನ್ನೊಂದು ತಪ್ಪಿಗೂ ಸ್ಯಾಟಲೈಟ್ ಸುಮ್ಮನೆ ಬೈಸಿಕೊಳ್ಳುತ್ತದೆ, ಅದು ವಿಳಾಸದ್ದು. ರಾಜೀವನಗರ ಎಂಬ ಹೆಸರಿನ ಬಡಾವಣೆ ಎಷ್ಟೋ ಊರುಗಳಲ್ಲಿದೆ. ಮೈಸೂರಿನದ್ದರಲ್ಲೇ ಬೇರೆ ಬೇರೆ ಹಂತಗಳು, ಪ್ರತಿಯೊಂದಕ್ಕೂ ತನ್ನದೇ ಕ್ರಾಸ್‌ಗಳು. ಬರೀ “ರಾಜೀವನಗರ ಕ್ರಾಸ್” ಎಂದು ಹುಡುಕಿದರೆ ಸಾಧನ ಊಹಿಸುತ್ತದೆ. ಮದುವೆ ಮನೆಗೆ ಬರುವವರಿಗೆ ಹೆಸರು ಹೇಳುವ ಬದಲು ನಿಮ್ಮ ಬಾಗಿಲಲ್ಲಿ ನಿಂತು ಲೊಕೇಶನ್ ಪಿನ್ ಕಳಿಸಿ.

ಪೋರ್ಟಬಲ್ ಜಿಪಿಎಸ್ ಕೊಳ್ಳಬಹುದೇ?

ಟ್ರೆಕ್ಕಿಂಗ್ ಹೋಗುವವರಿಗೆ, ದೂರದ ಬೈಕ್ ಪ್ರವಾಸದವರಿಗೆ ಹೊಸ ಸಾಧನ ಇಂದಿಗೂ ಉಪಯುಕ್ತ. ಮಳೆ, ಧೂಳು ತಡೆದುಕೊಳ್ಳುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಊರಿಂದೂರಿಗೆ ಕಾರಿನಲ್ಲಿ ಹೋಗುವವರಿಗೆ ಅದರ ಅಗತ್ಯ ಕಾಣುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರಂತೂ ಹುಷಾರು. ಜಿಪಿಎಸ್ ತನ್ನ ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ, ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರ್ ತಿರುಗಿದ ಹಾಗೆ. ಕಳೆದ ಬಾರಿ ಹಾಗೆ ತಿರುಗಿದ್ದು 2019ರ ಏಪ್ರಿಲ್ 6ರಂದು. ಅದಕ್ಕೆ ತಕ್ಕ ಸಾಫ್ಟ್‌ವೇರ್ ಹಾಕಿಸದ ಹಳೆಯ ಸಾಧನ ತಾರೀಕನ್ನು ಸುಮಾರು 20 ವರ್ಷ ಹಿಂದಕ್ಕೆ ತೋರಿಸಬಹುದು. ಆನ್ ಮಾಡಿ ಮೊದಲು ತಾರೀಕು ನೋಡಿ.

ಅಂಗಡಿಯಲ್ಲಿ “ಜಿಪಿಎಸ್ ಇದೆಯಾ” ಎಂದು ಕೇಳಿದರೆ ಟ್ರ್ಯಾಕರ್ ಕೊಡುವುದೂ ಉಂಟು. ಅದು ಗಾಡಿ ಎಲ್ಲಿದೆ ಎಂದು ಮಾಲೀಕರಿಗೆ ತಿಳಿಸುವ ಡಬ್ಬಿ, ದಾರಿ ತೋರಿಸುವುದಿಲ್ಲ.

ಮೊಬೈಲ್ ಬಳಸುವವರು ಕಾನೂನನ್ನೂ ತಿಳಿದಿರಬೇಕು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಚಾಲನೆಯಲ್ಲಿರುವಾಗ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಚಾಲಕರ ಗಮನ ಕೆಡದ ಹಾಗೆ. ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಸ್ಟೀರಿಂಗ್ ತಿರುಗಿಸುವುದಕ್ಕೆ ಈ ನಿಯಮ ರಕ್ಷಣೆಯಾಗುವುದಿಲ್ಲ. ಗಟ್ಟಿ ಸ್ಟ್ಯಾಂಡ್ ಹಾಕಿ, ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗ ಬಿಟ್ಟು. ಹೊರಡುವ ಮೊದಲೇ ದಾರಿ ಹಾಕಿಕೊಳ್ಳಿ, ಆಮೇಲೆ ದನಿಯನ್ನು ಕೇಳಿ ಓಡಿಸಿ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳುತ್ತದೆ. ಬಿಸಿಲಿಗೆ ಕಾದ ಫೋನ್ ಪರದೆ ಮಂಕಾಗುವುದು ನಿಜವಾದ ಸಮಸ್ಯೆ, ಕಾರಿನ ದೊಡ್ಡ ಪರದೆ ಅಲ್ಲಿ ನಿಸ್ಸಂಶಯವಾಗಿ ಮೇಲು.

ಆ ದೊಡ್ಡ ಪರದೆ ಬೇಕೆಂದು ದುಬಾರಿ ನ್ಯಾವಿಗೇಷನ್ ಕೊಳ್ಳಬೇಕಿಲ್ಲ. ಈಗಿನ ಅನೇಕ ಕಾರುಗಳಲ್ಲಿ ಆಂಡ್ರಾಯ್ಡ್ ಆಟೋ ಅಥವಾ ಆ್ಯಪಲ್ ಕಾರ್‌ಪ್ಲೇ ಇರುತ್ತದೆ, ಫೋನಿನ ತಾಜಾ ನಕ್ಷೆ ಕಾರಿನ ಪರದೆಯ ಮೇಲೆ ಬರುತ್ತದೆ. ಷೋರೂಮಿನವರು “ನ್ಯಾವಿಗೇಷನ್ ಇದೆ ಸರ್” ಎಂದಾಗ ಅವರು ಹೇಳುತ್ತಿರುವುದು ಇದನ್ನೇ ಇರಬಹುದು. ಗೊತ್ತಾಗಬೇಕಿದ್ದರೆ ಟೆಸ್ಟ್ ಡ್ರೈವ್‌ನಲ್ಲಿ ಫೋನಿನ ಕೇಬಲ್ ಕಿತ್ತು, ಬ್ಲೂಟೂತ್, ವೈಫೈ ಆಫ್ ಮಾಡಿ. ನಕ್ಷೆ ಮಾಯವಾದರೆ ಅದು ಫೋನಿನದ್ದು. ಉಳಿದರೆ ಮಂಡ್ಯ ಬೈಪಾಸ್ ಅದರಲ್ಲಿದೆಯೇ ನೋಡಿ, ಮುಂದಿನ ಅಪ್‌ಡೇಟ್‌ಗೆ ಎಷ್ಟಾಗುತ್ತದೆ ಎಂದು ಬರೆದುಕೊಡಲು ಕೇಳಿ.