ಹೊಸ ಆವೃತ್ತಿ ಬಂದರೆ ಹಳೆಯ ಸಾಫ್ಟ್‌ವೇರ್ ಕೆಡುವುದೇಕೆ? ಇದು ಕಂಪನಿಗಳ ಹುನ್ನಾರವೇ?

“ಅಪ್‌ಡೇಟ್ ಎನ್ನುವುದೇ ಕಂಪನಿಗಳ ಹುನ್ನಾರ, ಮಾಡಲೇಬೇಡಿ” ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣಿಸುತ್ತದೆ. ವ್ಯಾಪಾರದ ಲೆಕ್ಕಾಚಾರ ಕೆಲವೆಡೆ ಇರಬಹುದು. ಆದರೆ ಈ ಸಂದೇಶಗಳು ಹೇಳದ ಇನ್ನೊಂದು ಕಾರಣವಿದೆ: ಸಾಫ್ಟ್‌ವೇರ್ ಬರೆಯುವ ಭಾಷೆಯೇ ಕಾಲಕಾಲಕ್ಕೆ ಬದಲಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಪೈಥಾನ್. ಇದು ಉಚಿತ ಭಾಷೆ. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಇದರ 2ನೇ ಆವೃತ್ತಿ 2000ದಲ್ಲಿ, 3ನೇ ಆವೃತ್ತಿ 2008ರ ಡಿಸೆಂಬರ್‌ನಲ್ಲಿ ಬಂತು. ಹಳೆಯದಕ್ಕೆ ಬರೆದ ಎಷ್ಟೋ ಪ್ರೋಗ್ರಾಂಗಳು ಹೊಸದರಲ್ಲಿ ಹಾಗೇ ಓಡಲಿಲ್ಲ.

ಬದಲಾಯಿಸಿದ್ದೇಕೆ?

ಒಂದು ದೊಡ್ಡ ಕಾರಣ ಅಕ್ಷರಗಳು. ಭಟ್ಕಳ ತಾಲ್ಲೂಕಿನ ‘ಹೆಬಳೆ’ಯ ಹೆಸರನ್ನೇ ನೋಡಿ. ನಮ್ಮ ಕಣ್ಣಿಗೆ ಇದು ಮೂರು ಅಕ್ಷರ. ಯುನಿಕೋಡ್‌ನಲ್ಲಿ ಐದು ಸಂಕೇತ: ಹ, ಎತ್ವ, ಬ, ಳ, ಮತ್ತೊಂದು ಎತ್ವ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್‌ನಂತೆ ಒಟ್ಟು 15 ಬೈಟ್ ಬೇಕು.

ಈ ಹೆಸರಿನ ಉದ್ದ ಕೇಳಿದರೆ ಪೈಥಾನ್ 2 ಬೈಟ್ ಎಣಿಸಿ 15 ಎನ್ನುತ್ತಿತ್ತು. ಪೈಥಾನ್ 3 ಸಂಕೇತ ಎಣಿಸಿ 5 ಎನ್ನುತ್ತದೆ. ‘ಮೊದಲ 10 ಮಾತ್ರ ಉಳಿಸು’ ಎಂದರೆ ಹಳೆಯದರಲ್ಲಿ ‘ಳ’ದ ಮೂರು ಬೈಟ್‌ಗಳಲ್ಲಿ ಒಂದಷ್ಟೇ ಉಳಿದು, ಊರಿನ ಹೆಸರು ‘ಹೆಬ’ ಆಗಿ ಕೊನೆಯಲ್ಲಿ ಕಸ ಕಾಣುತ್ತಿತ್ತು. ಇದನ್ನು ತಪ್ಪಿಸುವ ದಾರಿ ಹಳೆಯದರಲ್ಲೂ ಇತ್ತು, ಆದರೆ ಪ್ರೋಗ್ರಾಮರ್ ನೆನಪಿಟ್ಟು ಬಳಸಬೇಕಿತ್ತು. ಹೊಸದರಲ್ಲಿ ಪಠ್ಯವೆಂದರೆ ಯುನಿಕೋಡ್ ಎಂದೇ ಅರ್ಥ. ಕನ್ನಡಕ್ಕೆ ಇದರಿಂದ ಲಾಭವೇ ಆಯಿತು.

ಸದ್ದಿಲ್ಲದ ತಪ್ಪುಗಳು

ಕೆಲವು ಬದಲಾವಣೆಗಳು ತಕ್ಷಣ ಗೊತ್ತಾಗುತ್ತವೆ. ‘ಪ್ರಿಂಟ್’ ಆದೇಶಕ್ಕೆ ಪೈಥಾನ್ 3ರಲ್ಲಿ ಆವರಣ ಚಿಹ್ನೆ ಹಾಕದಿದ್ದರೆ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ಅಪಾಯ ಇರುವುದು ಸುಮ್ಮನೆ ಓಡುವ ತಪ್ಪುಗಳಲ್ಲಿ. 7 ಕಿಲೋ ಬಂಗುಡೆಯನ್ನು ಎರಡು ಮನೆಗೆ ಹಂಚಲು 7ನ್ನು 2ರಿಂದ ಭಾಗಿಸಿದರೆ ಪೈಥಾನ್ 2 ತಲಾ 3 ಎನ್ನುತ್ತಿತ್ತು, ಪೈಥಾನ್ 3 ತಲಾ 3.5 ಎನ್ನುತ್ತದೆ. ಒಂದರಲ್ಲಿ ಒಂದು ಕಿಲೋ ಮೀನು ಲೆಕ್ಕದಿಂದಲೇ ಮಾಯ! ಎರಡರಲ್ಲೂ ಎಚ್ಚರಿಕೆಯ ಸಂದೇಶ ಬರುವುದಿಲ್ಲ. ಮೀನಿನ ಜಾಗದಲ್ಲಿ ಹಣವಿದ್ದರೆ?

ಎರಡರಲ್ಲೂ ಓಡಿಸುವುದು ಹೇಗೆ?

ಎರಡೂ ಆವೃತ್ತಿಗಳಿಗೆ ಅರ್ಥವಾಗುವ ರೂಪದಲ್ಲೇ ಬರೆಯುವುದು ಮೊದಲ ಉಪಾಯ. ಹೊಸ ಭಾಗಾಕಾರದ ನಿಯಮವನ್ನು ಹಳೆಯದಕ್ಕೂ ತರುವ ‘ಫ್ಯೂಚರ್’ ಎಂಬ ಸೌಲಭ್ಯವಿದೆ. ಉಳಿದ ವ್ಯತ್ಯಾಸಗಳನ್ನು ಸರಿದೂಗಿಸಲು ‘ಸಿಕ್ಸ್’ ಎಂಬ ಗ್ರಂಥಾಲಯವಿದೆ. 2ನ್ನು 3ರಿಂದ ಗುಣಿಸಿದರೆ 6, ಅದೇ ಹೆಸರು. ಕೊನೆಗೆ ಒಂದೇ ಪರೀಕ್ಷೆಯನ್ನು ಎರಡೂ ಆವೃತ್ತಿಗಳಲ್ಲಿ ನಡೆಸಿ ಉತ್ತರ ಹೋಲಿಸಬೇಕು. ಇನ್‌ಸ್ಟಾಗ್ರಾಂ 2017ರಲ್ಲಿ ಪೈಥಾನ್ 3ಕ್ಕೆ ಬದಲಾದದ್ದು ಹೀಗೆ ಎರಡರಲ್ಲೂ ಓಡುವ ಕೋಡ್ ಇಟ್ಟುಕೊಂಡೇ. ಸೇವೆ ನಿಲ್ಲಲಿಲ್ಲ.

ಭಾಷೆ ಕಟ್ಟಿದವರೂ ಬಗ್ಗಿದರು. 3.0ರಲ್ಲಿ ಕೈಬಿಟ್ಟಿದ್ದ ಒಂದು ಬರೆಯುವ ರೀತಿಯನ್ನು 2012ರ 3.3ರಲ್ಲಿ ಮರಳಿ ತಂದರು. 2015ಕ್ಕೆ ನಿಲ್ಲಬೇಕಿದ್ದ ಪೈಥಾನ್ 2ರ ಬೆಂಬಲವನ್ನು 2020ರವರೆಗೆ ಮುಂದೂಡಿದರು.

ಹಾಗಾದರೆ ಹಳೆಯದರಲ್ಲೇ ಇದ್ದರೇನು?

2020ರ ಜನವರಿ 1ರ ನಂತರ ಪೈಥಾನ್ 2ರಲ್ಲಿ ಕಂಡ ಭದ್ರತಾ ದೋಷಗಳನ್ನು ಅದರ ಮೂಲ ತಂಡ ಸರಿಪಡಿಸುವುದಿಲ್ಲ. ಸಾಫ್ಟ್‌ವೇರ್ ಓಡುತ್ತದೆ, ಆದರೆ ಬಾಗಿಲಿನ ಬೀಗ ಹಳತಾಗುತ್ತಾ ಹೋಗುತ್ತದೆ. ಫೋನಿನ ಮಾತೂ ಇಷ್ಟೇ.

ಒಟ್ಟಿನಲ್ಲಿ: ‘ಅಪ್‌ಡೇಟ್ ಮಾಡಲೇಬೇಡಿ’ ಎಂಬ ಸಲಹೆ ತಪ್ಪು. ಮುಖ್ಯ ಫೋಟೊ, ದಾಖಲೆಗಳ ಪ್ರತಿ ಬೇರೆಡೆ ಇಟ್ಟು, ಫೋನಿನ ಸೆಟ್ಟಿಂಗ್ಸ್ ಅಥವಾ ಪ್ಲೇ ಸ್ಟೋರ್‌ನಿಂದಲೇ ಅಪ್‌ಡೇಟ್ ಮಾಡಿ. ಫಾರ್ವರ್ಡ್‌ನಲ್ಲಿ ಬಂದ ‘ಅಪ್‌ಡೇಟ್’ ಲಿಂಕ್ ಮಾತ್ರ ಒತ್ತಬೇಡಿ.